ವ್ಲಾಗ್ ಕ್ಯಾಮೆರಾ ಕೊಳ್ಳುವ ಮುಂಚೆ ತೋಳು ಅಳೆಯಿರಿ

ಒಂದು ಅಳತೆ ಟೇಪು ತಗೊಳ್ಳಿ. ಕ್ಯಾಮೆರಾ ಹಿಡಿದವರಂತೆ ಕೈ ಮುಂದಕ್ಕೆ ಚಾಚಿ. ಮೊಣಕೈ ಸ್ವಲ್ಪ ಮಡಿಚಿರಲಿ, ಪೂರ್ತಿ ನೆಟ್ಟಗೆ ಹಿಡಿದರೆ ಎರಡೇ ನಿಮಿಷಕ್ಕೆ ಭುಜ ಸೋತುಬಿಡುತ್ತದೆ. ಈಗ ಮುಷ್ಟಿಯಿಂದ ಮೂಗಿನ ತುದಿಗೆ ಎಷ್ಟು ದೂರ ಅಂತ ಯಾರಿಂದಲಾದರೂ ಅಳೆಸಿ. ಹೆಚ್ಚುಕಡಿಮೆ 55ರಿಂದ 65 ಸೆಂಟಿಮೀಟರ್ ಬರುತ್ತದೆ. ನಡೆಯುತ್ತಾ ಮಾತಾಡುವ ವ್ಲಾಗ್ ಮಾಡಬೇಕೆಂದಿರುವವರಿಗೆ ಮೊದಲು ಗೊತ್ತಿರಬೇಕಾದ ಸಂಖ್ಯೆ ಇದು. ಮೆಗಾಪಿಕ್ಸೆಲ್, 4ಕೆ ಎಲ್ಲ ಆಮೇಲೆ.

ಲೆನ್ಸಿನ ಮಿ.ಮೀ. ಸಂಖ್ಯೆ ಕಡಿಮೆಯಾದಷ್ಟೂ ಅದು ಹಿಡಿಯುವ ಜಾಗ ಅಗಲ. 60 ಸೆಂ.ಮೀ. ದೂರದಿಂದ 24 ಮಿ.ಮೀ. ಲೆನ್ಸ್ ಸುಮಾರು 90 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಜಾಗವನ್ನು ಹಿಡಿಯುತ್ತದೆ. ಗಲ್ಲದಿಂದ ನೆತ್ತಿಯವರೆಗೆ ನಮ್ಮ ತಲೆಯೇ 22ರಿಂದ 25 ಸೆಂ.ಮೀ. ಇರುತ್ತದೆ. ಅಂದರೆ ಚೌಕಟ್ಟಿನ ಅರ್ಧ ಎತ್ತರ ತಲೆಗೇ ಹೋಯಿತು. ಇದೇನೋ ನೋಡಲು ಚೆನ್ನಾಗಿಯೇ ಇರುತ್ತದೆ, ಭುಜ ಕಾಣುತ್ತದೆ, ಹಿಂದಿನ ದಾರಿ ಕಾಣುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದ ಮುಂದೆ. ನಡೆಯುವಾಗಿನ ಅಲುಗಾಟ ತಡೆಯಲು ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಹಾಕುತ್ತೀರಿ. ಅದು ಚಿತ್ರದ ಸುತ್ತಲಿನ ಅಂಚನ್ನು ಕತ್ತರಿಸಿ, ಉಳಿದ ಭಾಗವನ್ನು ಆಚೀಚೆ ಸರಿಸಿ ಅಲುಗಾಟ ಮರೆಸುತ್ತದೆ. ಕತ್ತರಿಸುವುದು 1.4 ಪಟ್ಟು ಅಂತಿಟ್ಟುಕೊಳ್ಳಿ, ಉಳಿಯುವ ಜಾಗ 64 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ. ಈಗ ಮೂರರಲ್ಲಿ ಎರಡು ಪಾಲು ತಲೆಯೇ. ನೋಡುವವರ ಮುಖಕ್ಕೆ ಮುಖ ತಾಗಿಸಿಕೊಂಡು ಮಾತಾಡಿದ ಹಾಗಿರುತ್ತದೆ. ನೀವು ಎಲ್ಲಿದ್ದೀರಿ ಅನ್ನುವುದೇ ಅವರಿಗೆ ಕಾಣುವುದಿಲ್ಲ. ಅದೇ 18 ಮಿ.ಮೀ. ಲೆನ್ಸ್ ಆಗಿದ್ದರೆ ಕತ್ತರಿಸುವ ಮೊದಲು 120 ಸೆಂ.ಮೀ. ಅಗಲ, 67 ಸೆಂ.ಮೀ. ಎತ್ತರ ಸಿಗುತ್ತಿತ್ತು. ಕತ್ತರಿಸಿದ ಮೇಲೂ ಉಸಿರಾಡಲು ಜಾಗ ಉಳಿಯುತ್ತಿತ್ತು.

ಈ ಮಿ.ಮೀ. ಲೆಕ್ಕವೆಲ್ಲ ಫುಲ್ ಫ್ರೇಮ್ ಲೆಕ್ಕ, ಅಂದರೆ 36 ಮಿ.ಮೀ. ಅಗಲದ ಸೆನ್ಸರಿನದ್ದು (ಚಿತ್ರ ಹಿಡಿಯುವ ಚಿಪ್ಪೇ ಸೆನ್ಸರ್). ಲೆನ್ಸಿನ ಮೇಲೆ ಬರೆದಿರುವ ಸಂಖ್ಯೆ ಬೇರೆ ಇರಬಹುದು. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಆ ಸಂಖ್ಯೆಯನ್ನು 1.5ರಿಂದ ಗುಣಿಸಿ, ಕ್ಯಾನನ್ ಆದರೆ 1.6ರಿಂದ. ಒಂದು ಇಂಚಿನ ಸೆನ್ಸರಿನ ಪುಟ್ಟ ಕ್ಯಾಮೆರಾಗಳಿಗೆ 2.7, ಆದರೆ ಅವುಗಳ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಗುಣಿಸಿದ ಸಂಖ್ಯೆಯನ್ನೇ ಹಾಕಿರುತ್ತಾರೆ.

ಈಗ ಇದೇ ಲೆಕ್ಕ ಹಿಡಿದು ಹೆಸರಾಂತ ಕ್ಯಾಮೆರಾಗಳನ್ನು ನೋಡಿ. ಸೋನಿ ಜೆಡ್‌ವಿ-ಇ10 ಜೊತೆ ಬರುವ 16-50 ಲೆನ್ಸ್ 24 ಮಿ.ಮೀ.ನಿಂದ ಶುರು, ಆಕ್ಟಿವ್ ಅನ್ನುವ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಹಾಕಿದರೆ 35ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೈಯಲ್ಲಿ ಹಿಡಿದು ಮಾತಾಡಲು ಅದು ಸಾಲದು. ಕ್ಯಾನನ್ ಆರ್50 ಜೊತೆ ಬರುವ 18-45 ಲೆನ್ಸ್ ಸ್ಟೆಬಿಲೈಸೇಶನ್ ಇಲ್ಲದೆಯೇ 29 ಮಿ.ಮೀ. ಹಳೆಯ ಕ್ಯಾನನ್ ಎಂ50ರಲ್ಲಿ 15-45 ಲೆನ್ಸ್ 24ರಿಂದಲೇ ಶುರುವಾದರೂ 4ಕೆ ಒತ್ತಿದ ಕೂಡಲೇ ಇನ್ನೊಂದು ಸುತ್ತು ಕತ್ತರಿಸಿ 38ರ ಹತ್ತಿರ ತಂದಿಡುತ್ತದೆ. ಸೋನಿ ಜೆಡ್‌ವಿ-1 24ರಿಂದ ಶುರು. ಅದರ ತಮ್ಮಂದಿರಾದ ಜೆಡ್‌ವಿ-1ಎಫ್ 20, ಜೆಡ್‌ವಿ-1 ಮಾರ್ಕ್ 2 18ರಿಂದ ಶುರು. ಈ ಎರಡೂ ಅಗಲದಲ್ಲಿ ಗೆದ್ದವು, ಆದರೆ ಜೆಡ್‌ವಿ-1ರಲ್ಲಿದ್ದ ಆಪ್ಟಿಕಲ್ (ಚಿತ್ರ ಕತ್ತರಿಸದೆ ಲೆನ್ಸಿನೊಳಗಿನ ಗಾಜನ್ನೇ ಸರಿಸಿ ಅಲುಗಾಟ ತಡೆಯುವ) ಸ್ಟೆಬಿಲೈಸೇಶನ್ ಇವುಗಳಲ್ಲಿಲ್ಲ. ಡಿಜೆಐ ಆಸ್ಮೋ ಪಾಕೆಟ್ 3 20 ಮಿ.ಮೀ., ಜೊತೆಗೆ ಅದರ ತಲೆಯೇ ಮೋಟಾರಿನ ಮೇಲೆ ಕೂತಿರುವುದರಿಂದ ಅಲುಗಾಟ ತಡೆಯಲು ಚಿತ್ರ ಕತ್ತರಿಸಬೇಕಾಗಿಲ್ಲ. ನಡೆಯುತ್ತಾ ಮಾತಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ ನಮ್ಮ ಮೊದಲ ಸಲಹೆ ಈ ಜಾತಿಯ ಕ್ಯಾಮೆರಾ, ಹೊಸದಾಗದಿದ್ದರೆ ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಇದನ್ನೆಲ್ಲ ನಂಬಬೇಕಾಗಿಲ್ಲ, ಒಂದು ಪೈಸೆ ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಹೆಚ್ಚಿನ ಫೋನುಗಳ ಹಿಂಬದಿಯ ಮುಖ್ಯ ಕ್ಯಾಮೆರಾ 24ರಿಂದ 26 ಮಿ.ಮೀ. ಒಳಗೇ ಇರುತ್ತದೆ. ಫೋನನ್ನು ಅಡ್ಡ ಹಿಡಿದು, ಹಿಂಬದಿಯ ಕ್ಯಾಮೆರಾ ನಿಮ್ಮ ಕಡೆ ತಿರುಗಿಸಿ, ಫೋಟೋದಲ್ಲಿ ಸ್ಟೆಬಿಲೈಸೇಶನ್ ಕತ್ತರಿಸುವುದಿಲ್ಲವಾದ್ದರಿಂದ ಮೊದಲು ತೋಳಿನಳತೆಯಲ್ಲಿ 16:9 ಅಳತೆಯ ಒಂದು ಫೋಟೋ ತೆಗೆಯಿರಿ. ಆಮೇಲೆ ಝೂಮನ್ನು 1.4ಕ್ಕೆ ತಂದು ಇನ್ನೊಂದು. ಮೊದಲನೆಯದು 24 ಮಿ.ಮೀ. ಲೆನ್ಸ್, ಎರಡನೆಯದು ಅದೇ ಲೆನ್ಸ್ ಕತ್ತರಿಸಿದ ಮೇಲೆ. ಎರಡನೆಯದರಲ್ಲಿ ನಿಮ್ಮ ಮುಖ ಇಷ್ಟು ದೊಡ್ಡದಾಗಿ ಕಂಡರೆ ಪರವಾಗಿಲ್ಲ ಅನ್ನಿಸಿದರೆ ಆಯ್ಕೆ ವಿಸ್ತಾರವಾಗುತ್ತದೆ. ಸಹಿಸಲಾಗದಿದ್ದರೆ 20 ಅಥವಾ ಅದಕ್ಕಿಂತ ಕಡಿಮೆ ಮಿ.ಮೀ. ಇಲ್ಲದ ಕ್ಯಾಮೆರಾ ನೋಡಲೇಬೇಡಿ.

ಮೇಜಿನ ಮುಂದೆ ಕೂತು ಮಾತಾಡುವವರಿಗೆ, ಅಡುಗೆ ತೋರಿಸುವವರಿಗೆ, ಪಾಠ ಹೇಳುವವರಿಗೆ ಈ ತೋಳಿನ ಲೆಕ್ಕ ಬೇಡ. ಕ್ಯಾಮೆರಾ ಟ್ರೈಪಾಡ್ ಮೇಲೆ ಒಂದೂವರೆ ಮೀಟರ್ ದೂರದಲ್ಲಿರುತ್ತದೆ, ಸ್ಟೆಬಿಲೈಸೇಶನ್ ಆಫ್ ಮಾಡಿಯೇ ಇಡಬೇಕು. ಟ್ರೈಪಾಡ್ ಮೇಲೆ ಅದನ್ನು ಆನ್ ಬಿಟ್ಟರೆ ಚಿತ್ರ ಮೆಲ್ಲಗೆ ತೇಲಿದಂತೆ ಕಾಣುವುದುಂಟು. ಇಂಥವರಿಗೆ ಜೆಡ್‌ವಿ-ಇ10, ಆರ್50, ಎಂ50 ಎಲ್ಲವೂ ಒಳ್ಳೆಯ ಆಯ್ಕೆಯೇ. ಇವರು ನೋಡಬೇಕಾದದ್ದು ಬೇರೆ: ಎಷ್ಟು ಹೊತ್ತು ಎಡಬಿಡದೆ ರೆಕಾರ್ಡ್ ಆಗುತ್ತದೆ, ಕರೆಂಟಿಗೆ ಸಿಕ್ಕಿಸಿ ನಡೆಸಬಹುದೇ, ಕೈಯಲ್ಲಿರುವ ವಸ್ತು ಮುಂದೆ ಹಿಡಿದಾಗ ಫೋಕಸ್ ತಕ್ಷಣ ಅದಕ್ಕೆ ಹೋಗುತ್ತದೆಯೇ.

ಇಲ್ಲಿ ಹೊಸಬರು ಮಾಡುವ ಒಂದು ತಪ್ಪು ಹೇಳಲೇಬೇಕು. ಹಿನ್ನೆಲೆ ಮಸುಕಾಗಿ ಕಾಣಬೇಕೆಂಬ ಆಸೆಗೆ ಎಪಿಎಸ್-ಸಿ ಕ್ಯಾಮೆರಾಕ್ಕೆ ದೊಡ್ಡ ಲೆನ್ಸ್ ಹಾಕಿಕೊಂಡು ಕೈಯಲ್ಲಿ ಹಿಡಿದು ಹೊರಡುತ್ತಾರೆ. ಸಿಗ್ಮಾ 16 ಮಿ.ಮೀ. ಎಫ್ 1.4 (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು) ನಿಜಕ್ಕೂ ಚೆಂದದ ಲೆನ್ಸ್. ಆದರೆ ಅದರ ತೂಕ 405 ಗ್ರಾಂ, ಜೆಡ್‌ವಿ-ಇ10 ಬ್ಯಾಟರಿ, ಕಾರ್ಡ್ ಸಮೇತ 343 ಗ್ರಾಂ. ಮೂಗಿಗಿಂತ ಮೂಗುತಿ ಭಾರ. ಮೇಲೆ ಮೈಕು, ಕೆಳಗೆ ಹಿಡಿಕೆ ಸೇರಿದರೆ ಒಂದು ಕಿಲೋ ಹತ್ತಿರ. ಅದನ್ನು ಚಾಚಿದ ಕೈಯಲ್ಲಿ ಐದು ನಿಮಿಷ ಹಿಡಿದು ನಡೆದು ನೋಡಿ. ಮೇಜಿನ ಮೇಲೆ ಇಡುವವರಿಗಾದರೆ ಇದೇ ಜೋಡಿ ವರ್ಷಗಟ್ಟಲೆ ಸಾಕು.

ಧ್ವನಿಗೆ ದುಡ್ಡು ಎತ್ತಿಡಿ

ನಿಮ್ಮಲ್ಲಿರುವ ದುಡ್ಡಿನ ಮೂರನೇ ಒಂದು ಭಾಗವನ್ನಾದರೂ ಕ್ಯಾಮೆರಾ ಬಿಟ್ಟು ಬೇರೆಯದಕ್ಕೆ ಅಂತ ಮೊದಲೇ ತೆಗೆದಿಡಿ. ಅದರಲ್ಲಿ ದೊಡ್ಡ ಪಾಲು ಮೈಕಿಗೆ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ. ಮಾತು ಬಾವಿಯೊಳಗಿಂದ ಬಂದಂತಿದ್ದರೆ ಮುಂದಿನ ವಿಡಿಯೋಗೆ ಹೋಗಿಬಿಡುತ್ತಾರೆ.

ಕಾರಣ ದೂರ. ಬಾಯಿಂದ ಮೈಕಿಗೆ ಇರುವ ದೂರ ಎರಡು ಪಟ್ಟಾದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಫ್ಯಾನು, ಹೊರಗಿನ ಗಾಡಿ ಸದ್ದು ಮಾತ್ರ ಅಷ್ಟೇ ಇರುತ್ತದೆ. ಎದೆಯ ಮೇಲೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಕಾಲರ್ ಮೈಕಿಗೂ ಎರಡು ಮೀಟರ್ ಆಚೆಯ ಕ್ಯಾಮೆರಾದ ಮೈಕಿಗೂ 20 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಎಷ್ಟೇ ದುಬಾರಿ ಮೈಕನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿದರೂ ಈ ದೂರವನ್ನು ಅದು ಗೆಲ್ಲಲಾರದು. ಹಾಗಾಗಿ ಮೇಜಿನ ಮುಂದೆ ಕೂರುವವರಿಗೆ ತಂತಿಯ ಸಾದಾ ಕಾಲರ್ ಮೈಕೇ ಸಾಕು, ಅದು ಅಗ್ಗವೂ ಹೌದು. ಕೈಯಲ್ಲಿ ಹಿಡಿದು ನಡೆಯುವವರಿಗೆ ಕ್ಯಾಮೆರಾ 60 ಸೆಂ.ಮೀ. ಹತ್ತಿರವೇ ಇರುವುದರಿಂದ ಮೇಲೆ ಕೂರಿಸುವ, ಎದುರಿನ ಧ್ವನಿಯನ್ನೇ ಹೆಚ್ಚು ಹಿಡಿಯುವ ಚಿಕ್ಕ ಶಾಟ್‌ಗನ್ ಮೈಕ್ ನಡೆಯುತ್ತದೆ, ವೈರ್‌ಲೆಸ್ ಇದ್ದರೆ ಇನ್ನೂ ಒಳ್ಳೆಯದು.

ಆದ್ದರಿಂದ ಕ್ಯಾಮೆರಾದಲ್ಲಿ 3.5 ಮಿ.ಮೀ. ಮೈಕ್ ಜಾಕ್ ಇದೆಯೇ ಅಂತ ಕಣ್ಣಾರೆ ನೋಡಿ. ಒಂದೇ ಹೆಸರಿನ ಸರಣಿಯಲ್ಲೂ ಇದು ಬದಲಾಗುತ್ತದೆ: ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2ರಲ್ಲಿ ಜಾಕ್ ಇಲ್ಲ, 2019ರ ಮಾರ್ಕ್ 3ರಲ್ಲಿ ಇದೆ. ಪಾಕೆಟ್ 3ರ ಮೈಮೇಲೆ ಈ ಜಾಕ್ ಇಲ್ಲ, ಅದೇ ಕಂಪನಿಯ ವೈರ್‌ಲೆಸ್ ಮೈಕ್ ನೇರವಾಗಿ ಜೋಡಿಯಾಗುತ್ತದೆ. ಬೇರೆ ಮೈಕ್ ಬೇಕಾದರೆ ಯುಎಸ್‌ಬಿ-ಸಿ ಮೂಲಕ ಹೋಗಬೇಕು. ಹೆಡ್‌ಫೋನ್ ಜಾಕ್ ಕೂಡ ಇದ್ದರೆ ಅದೊಂದು ವರವೇ. ಜೆಡ್‌ವಿ-ಇ10ರಲ್ಲಿ ಇದೆ, ಆರ್50ರಲ್ಲೂ ಜೆಡ್‌ವಿ-1ರಲ್ಲೂ ಇಲ್ಲ. ಇಲ್ಲದವರು ಪ್ರತಿ ಜಾಗದಲ್ಲೂ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆಡಿಸಿ ಕೇಳಿಯೇ ಮುಂದುವರಿಯಬೇಕು.

ಮೈಕಿನ ಪಿನ್ನು ಕೂಡ ನೋಡಬೇಕಾದದ್ದೇ. ಅದರ ಲೋಹದ ಕಡ್ಡಿಯ ಮೇಲೆ ಕಪ್ಪು ಉಂಗುರಗಳಿರುತ್ತವೆ, ಎಣಿಸಿ. ಎರಡಿದ್ದರೆ ಕ್ಯಾಮೆರಾದ್ದು. ಮೂರಿದ್ದರೆ ಫೋನಿನದ್ದು. ಮೂರು ಉಂಗುರದ್ದನ್ನು ಕ್ಯಾಮೆರಾಕ್ಕೆ ಚುಚ್ಚಿದರೆ ಧ್ವನಿ ಬರದೇ ಹೋಗಬಹುದು, ಪಿಸುಮಾತಿನಂತೆ ಬರಬಹುದು, ಗುಂಯ್ ಅನ್ನಬಹುದು. ಎಷ್ಟೋ ಮೈಕುಗಳು ಕೆಟ್ಟಿವೆ ಅಂತ ಅಂಗಡಿಗೆ ವಾಪಸ್ ಹೋಗುವುದು ಇದೊಂದೇ ಕಾರಣಕ್ಕೆ. ಚಿಕ್ಕದೊಂದು ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ.

ಜೋಡಿಸಿದ ಮೇಲೆ ಮಟ್ಟ ಹೊಂದಿಸುವುದು. ಹಲವು ಕ್ಯಾಮೆರಾಗಳು ಕೊಳ್ಳುವಾಗ ಆಟೋ ಲೆವೆಲ್‌ನಲ್ಲಿರುತ್ತವೆ. ನೀವು ಮಾತು ನಿಲ್ಲಿಸಿದ ತಕ್ಷಣ ಅದು ಏನೂ ಕೇಳುತ್ತಿಲ್ಲವಲ್ಲ ಅಂತ ತಾನೇ ಏರಿಸುತ್ತದೆ, ಫ್ಯಾನಿನ ಸದ್ದು ಅಲೆಯಂತೆ ಎದ್ದು ಬರುತ್ತದೆ. ಮತ್ತೆ ಮಾತಾಡಿದರೆ ಮೊದಲ ಅಕ್ಷರ ಒಡೆದು ಬರುತ್ತದೆ. ಇದನ್ನು ಮ್ಯಾನುಯಲ್‌ಗೆ ತನ್ನಿ. ವೈರ್‌ಲೆಸ್ ಮೈಕ್ ಆದರೆ ಕ್ಯಾಮೆರಾದ ಲೆವೆಲ್ ಬಹಳ ಕೆಳಗೆ, 1 ಅಥವಾ 2ರಲ್ಲಿಟ್ಟು ಮೈಕಿನ ರಿಸೀವರಿನಲ್ಲಿ ಏರಿಸಿ. ಅಗ್ಗದ ಕ್ಯಾಮೆರಾಗಳ ಒಳಗಿನ ಆಂಪ್ಲಿಫೈಯರ್ ಏರಿಸಿದಷ್ಟೂ ಸುಯ್ಯೆನ್ನುತ್ತದೆ, ರಿಸೀವರಿನದ್ದು ಸಾಮಾನ್ಯವಾಗಿ ಅದಕ್ಕಿಂತ ಶುದ್ಧ. ನೀವು ಜೋರಾಗಿ ನಕ್ಕಾಗ ಪರದೆಯ ಧ್ವನಿ ಮೀಟರ್ −6 ಡೆಸಿಬೆಲ್ ದಾಟಬಾರದು, ಸಾಮಾನ್ಯ ಮಾತು −12ರ ಸುತ್ತ ಆಡುತ್ತಿರಲಿ. 0 ಮುಟ್ಟಿ ಒಡೆದ ಧ್ವನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

ಹೊರಗೆ ಹೋಗುವವರು ಮೈಕಿಗೆ ರೋಮದ ಟೋಪಿ ಹಾಕಲೇಬೇಕು. ಸ್ಪಂಜಿನ ಟೋಪಿ ಉಸಿರು ತಡೆಯುತ್ತದೆ, ಗಾಳಿಯನ್ನಲ್ಲ.

ಮುಖ ಬಿಟ್ಟು ಹಿಂದಿನ ಗೋಡೆಗೆ ಓಡುವ ಫೋಕಸ್

ಒಬ್ಬರೇ ಚಿತ್ರೀಕರಿಸುವವರಿಗೆ ಫೋಕಸ್ ತಿರುಗಿಸಲು ಇನ್ನೊಬ್ಬರಿಲ್ಲ. ಕ್ಯಾಮೆರಾವೇ ನೋಡಿಕೊಳ್ಳಬೇಕು. ಇದರಲ್ಲಿ ಎರಡು ವಿಧಾನ. ಕಾಂಟ್ರಾಸ್ಟ್ ವಿಧಾನದ ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಮಾಡಿ, ಎಲ್ಲಿ ಚಿತ್ರ ಚೂಪಾಯಿತು ಅಂತ ಹುಡುಕಿ ನಿಲ್ಲುತ್ತದೆ. ಹುಡುಕುವಷ್ಟು ಹೊತ್ತು ಹಿನ್ನೆಲೆ ಉಸಿರಾಡಿದಂತೆ ಹಿಗ್ಗಿ ಕುಗ್ಗುವುದು ವಿಡಿಯೋದಲ್ಲಿ ಕಾಣುತ್ತದೆ. ಎರಡನೆಯದು ಫೇಸ್ ಡಿಟೆಕ್ಟ್ (phase detect). ಮುಖ ಗುರುತಿಸುವ ಫೇಸ್ ಡಿಟೆಕ್ಷನ್ (face detection) ಬೇರೆ, ಉಚ್ಚಾರ ಮಾತ್ರ ಒಂದೇ ಥರ ಕೇಳುತ್ತದೆ: ಲೆನ್ಸಿನ ಎರಡು ಬದಿಯಿಂದ ಬಂದ ಚಿತ್ರಗಳು ಒಂದಕ್ಕೊಂದು ಎಷ್ಟು ಸರಿದಿವೆ ಅನ್ನುವುದನ್ನು ಸೂಚಿಸುವ ಹೆಸರು ಅದು, ಮುಖಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ವಿಧಾನದ ಸೆನ್ಸರಿಗೆ ಯಾವ ಕಡೆಗೆ, ಎಷ್ಟು ಸರಿಯಬೇಕು ಅನ್ನುವುದು ಮೊದಲೇ ಗೊತ್ತಾಗುತ್ತದೆ, ನೇರ ಹೋಗಿ ನಿಲ್ಲುತ್ತದೆ. ಅಂಗಡಿಯವರು 'ಫೇಸ್ ಡಿಟೆಕ್ಷನ್ ಇದೆ' ಅಂದಾಗ ಎರಡರಲ್ಲಿ ಯಾವುದು ಅಂತ ಬಿಡಿಸಿ ಕೇಳಿ. ಮುಖ ಗುರುತಿಸುವುದು ಈಗ ಎಲ್ಲದರಲ್ಲೂ ಇರುತ್ತದೆ.

ಕ್ಯಾನನ್ ಈ ಎರಡನೇ ವಿಧಾನದ ತನ್ನ ಡ್ಯುಯಲ್ ಪಿಕ್ಸೆಲ್ ಫೋಕಸ್ ತಂದಿದ್ದು 2013ರ 70ಡಿಯಲ್ಲಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 70ಡಿ, 80ಡಿ, 2017ರ 200ಡಿ ಇವೆಲ್ಲ ಇವತ್ತಿಗೂ ಮೇಜಿನ ವ್ಲಾಗಿಗೆ ಗಟ್ಟಿ ಆಯ್ಕೆಗಳು. 1080ಪಿ ಮಾತ್ರ, ಆದರೆ ಪರದೆ ಮುಂದಕ್ಕೆ ತಿರುಗುತ್ತದೆ, ಮೈಕ್ ಜಾಕ್ ಇದೆ, ಫೋಕಸ್ ಮುಖ ಬಿಡುವುದಿಲ್ಲ. ಎಂ50ರಲ್ಲಿ ಒಂದು ಕೊಕ್ಕೆ ಇದೆ: 4ಕೆಗೆ ಹೋದರೆ ಈ ಡ್ಯುಯಲ್ ಪಿಕ್ಸೆಲ್ ಕೆಲಸ ಮಾಡುವುದಿಲ್ಲ, ಅದನ್ನು 1080ಪಿ ಕ್ಯಾಮೆರಾ ಅಂತಲೇ ಎಣಿಸಿ ಕೊಳ್ಳಬೇಕು. ಪ್ಯಾನಸೋನಿಕ್ ಲುಮಿಕ್ಸ್ ಮಿರರ್‌ಲೆಸ್ ಕ್ಯಾಮೆರಾಗಳು 2023ರ ಎಸ್5 ಮಾರ್ಕ್ 2 ಬರುವ ತನಕ ಕಾಂಟ್ರಾಸ್ಟ್ ವಿಧಾನದವೇ, ಹಳೆಯವು ಅಗ್ಗವಾಗಿ ಸಿಕ್ಕರೆ ಇದು ನೆನಪಿರಲಿ. ಜೆಡ್‌ವಿ-1ಎಫ್ ಮತ್ತು ಜಿ7 ಎಕ್ಸ್ ಮಾರ್ಕ್ 3 ಕೂಡ ಕಾಂಟ್ರಾಸ್ಟೇ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ರೆಕಾರ್ಡ್ ಒತ್ತಿ, ಒಂದು ಪೆನ್ನನ್ನು ಮುಖದ ಪಕ್ಕದಿಂದ ಲೆನ್ಸಿನ ಹತ್ತಿರಕ್ಕೆ ತಂದು ಎರಡು ಸೆಕೆಂಡ್ ಹಿಡಿದು ಕೆಳಗಿಳಿಸಿ. ಫೋಕಸ್ ಪೆನ್ನಿಗೆ ಹೋಗಿ ಮತ್ತೆ ಕಣ್ಣಿಗೆ ಬರಲು ಎಷ್ಟು ಹೊತ್ತು ತಗೊಂಡಿತು ನೋಡಿ. ಆಮೇಲೆ ಚೌಕಟ್ಟಿನಿಂದ ಪೂರ್ತಿ ಆಚೆ ಹೋಗಿ ವಾಪಸ್ ಬನ್ನಿ. ವಾಪಸ್ ಬಂದ ಮೇಲೂ ಹಿಂದಿನ ಗೋಡೆಗೇ ಅಂಟಿಕೊಂಡಿದ್ದರೆ ಆ ಕ್ಯಾಮೆರಾ ಅಲ್ಲೇ ಇರಲಿ. ವಿಡಿಯೋವನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ, ಅದರಲ್ಲಿ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ನಿಮ್ಮದೇ ಕಾರ್ಡ್ ಒಯ್ದು, ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ.

ಪರದೆ ಯಾವ ಕಡೆ ತೆರೆಯುತ್ತದೆ ಅನ್ನುವುದೂ ಮುಖ್ಯ. ಮೇಲಕ್ಕೆ ಎದ್ದರೆ ತಲೆಯ ಮೇಲೆ ಕೂರಿಸಿದ ಮೈಕ್ ಅಡ್ಡ ಬರುತ್ತದೆ, ಕೆಳಕ್ಕೆ ಇಳಿದರೆ ಟ್ರೈಪಾಡ್. ಪಕ್ಕಕ್ಕೆ ತೆರೆಯುವುದೇ ಅನುಕೂಲ.

ಸೆನ್ಸರ್ ದೊಡ್ಡದಿದ್ದ ಮಾತ್ರಕ್ಕೆ ಬೆಳಕು ಹೆಚ್ಚು ಸಿಗುವುದಿಲ್ಲ

ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಒಂದು ಇಂಚಿನ ಸೆನ್ಸರಿಗಿಂತ ಸುಮಾರು ಮೂರು ಪಟ್ಟು. ಹಾಗಂತ ರಾತ್ರಿಯಲ್ಲಿ ಮೂರು ಪಟ್ಟು ಚೆನ್ನಾಗಿ ಬರುತ್ತದೆ ಅಂದುಕೊಂಡರೆ ಕೈಸುಟ್ಟುಕೊಳ್ಳುತ್ತೀರಿ. ಜೊತೆಗೆ ಬರುವ ಕಿಟ್ ಲೆನ್ಸ್ ಸಾಮಾನ್ಯವಾಗಿ ಎಫ್ 3.5ರಿಂದ ಶುರು. ಜೆಡ್‌ವಿ-1ರ ಲೆನ್ಸ್ ಎಫ್ 1.8. ಈ ಎರಡರ ನಡುವೆ ಬೆಳಕಿನಲ್ಲಿ ನಾಲ್ಕು ಪಟ್ಟಿನ ಹತ್ತಿರ ವ್ಯತ್ಯಾಸವಿದೆ. ದೊಡ್ಡ ಸೆನ್ಸರಿನ ಲಾಭವನ್ನು ಸಣ್ಣ ಕಿಂಡಿಯ ಲೆನ್ಸ್ ತಿಂದುಹಾಕಿತು, ಎರಡೂ ಸರಿಸುಮಾರು ಒಂದೇ ಮಟ್ಟಕ್ಕೆ ಬಂದವು. ಎಪಿಎಸ್-ಸಿ ಕೊಳ್ಳುವವರು ಎಫ್ 2ರ ಆಸುಪಾಸಿನ ಇನ್ನೊಂದು ಲೆನ್ಸಿಗೆ ದುಡ್ಡು ಇಟ್ಟುಕೊಂಡೇ ಕೊಳ್ಳಬೇಕು. ಇಲ್ಲವಾದರೆ ಚಿಕ್ಕ ಕ್ಯಾಮೆರಾದಲ್ಲೇ ನೆಮ್ಮದಿ.

ಕತ್ತಲಲ್ಲಿ ಇನ್ನೊಂದು ತೊಂದರೆ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ನಿನದ್ದು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇಡಿ ಅನ್ನುವುದು ಎಲ್ಲರೂ ಹೇಳುವ ಸೂತ್ರ. ಟ್ರೈಪಾಡ್ ಮೇಲೆ ಅದು ಸರಿಯೇ. ನಡೆಯುವಾಗ ಪ್ರತಿ ಹೆಜ್ಜೆಗೂ ಫ್ರೇಮಿನೊಳಗೇ ಚಿತ್ರ ಕಲಸಿರುತ್ತದೆ. ಸ್ಟೆಬಿಲೈಸೇಶನ್ ಫ್ರೇಮನ್ನು ಜಾಗಕ್ಕೆ ತಂದು ಕೂರಿಸಬಲ್ಲದು, ಕಲಸಿದ್ದನ್ನು ಬಿಡಿಸಲಾರದು. ಅದಕ್ಕೇ ನಿಂತಲ್ಲೇ ನಿಂತ ಚಿತ್ರ ಹೆಜ್ಜೆಗೊಮ್ಮೆ ಅದುರಿದಂತೆ, ಮಸುಕು ಮಿಡಿದಂತೆ ಕಾಣುತ್ತದೆ. ನಡೆಯುವಾಗ 1/100 ಅಥವಾ ಅದಕ್ಕಿಂತ ವೇಗ ಇಡಿ. ಮೋಟಾರಿನ ಗಿಂಬಲ್ ಇರುವ ಕ್ಯಾಮೆರಾ ಲೆನ್ಸನ್ನೇ ಅಲುಗದಂತೆ ಹಿಡಿಯುವುದರಿಂದ ಅಲ್ಲಿ ಈ ತಾಪತ್ರಯ ತೀರಾ ಕಡಿಮೆ.

ದೀಪಗಳ ಕೆಳಗೆ ಪಟ್ಟೆಪಟ್ಟೆಯಾಗಿ ಮಿನುಗುವುದು ಕ್ಯಾಮೆರಾದ ದೋಷವಲ್ಲ. ಕರೆಂಟು 50 ಹರ್ಟ್ಸ್ ಇರುವ ಕಡೆ ಶಟರ್ 1/50 ಅಥವಾ 1/100, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120 ಇಟ್ಟರೆ ನಿಲ್ಲುತ್ತದೆ.

ಹಗಲು ಬಿಸಿಲಿನಲ್ಲಿ ಇದರ ತದ್ವಿರುದ್ಧ. ಬೆಳಕು ಹೆಚ್ಚಾಗಿ ಶಟರ್ 1/2000ಕ್ಕೆ ಓಡುತ್ತದೆ, ಕೈಕಾಲಿನ ಚಲನೆ ಕಡಿದು ಕಡಿದು ಕಾಣುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಎನ್‌ಡಿ8 ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುತ್ತದೆ, ಎನ್‌ಡಿ64 ಅರವತ್ತನಾಲ್ಕನೇ ಒಂದಕ್ಕೆ. ಜೆಡ್‌ವಿ-1ರಲ್ಲಿ ಫಿಲ್ಟರ್ ಒಳಗೇ ಇದೆ, ಮೆನುವಿನಲ್ಲಿ ಆನ್ ಮಾಡಿದರೆ ಆಯಿತು.

ಕಾರ್ಡ್, ಬ್ಯಾಟರಿ, ಬಿಸಿ

4ಕೆಯನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರೆಯುವ ಕ್ಯಾಮೆರಾಕ್ಕೆ ಬೇಕಿರುವುದು ಸೆಕೆಂಡಿಗೆ 12.5 ಮೆಗಾಬೈಟ್ ಅಷ್ಟೇ. ವಿ30 ಅಂತ ಬರೆದ ಕಾರ್ಡ್ ಕನಿಷ್ಠ 30 ಮೆಗಾಬೈಟ್ ಎಡೆಬಿಡದೆ ಬರೆಯುತ್ತದೆ. ಅದಕ್ಕಿಂತ ದುಬಾರಿಯದ್ದಕ್ಕೆ ದುಡ್ಡು ಸುರಿಯಬೇಡಿ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ 170, 200 ಇವೆಲ್ಲ ಸಾಮಾನ್ಯವಾಗಿ ಓದುವ ವೇಗ, ಬರೆಯುವುದಲ್ಲ. ಇದೇ ಲೆಕ್ಕದಲ್ಲಿ ಗಂಟೆಗೆ 45 ಜಿಬಿ ಆಗುತ್ತದೆ, 64 ಜಿಬಿ ಕಾರ್ಡಿನಲ್ಲಿ ಒಂದೂಕಾಲು ಗಂಟೆಗೆ ಸ್ವಲ್ಪ ಮೇಲೆ ಹಿಡಿಯುತ್ತದೆ. ಒಂದು ದೊಡ್ಡ ಕಾರ್ಡಿಗಿಂತ 64ರದ್ದು ಎರಡು ಇರಲಿ, ಒಂದು ಕೈಕೊಟ್ಟರೂ ಅರ್ಧ ಕೆಲಸವಾದರೂ ಉಳಿಯುತ್ತದೆ. ನಕಲಿ ಕಾರ್ಡುಗಳು ಬಹಳ. ಹೊಸದು ತಂದ ದಿನ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ತುಂಬುವ ತನಕ ರೆಕಾರ್ಡ್ ಮಾಡಿ, ಕೊನೆಯ ಫೈಲ್ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ. ನಕಲಿಯಾದರೆ ಅರ್ಧಕ್ಕೇ ಬಣ್ಣ ಬಯಲಾಗುತ್ತದೆ.

ಚಿಕ್ಕ ಕ್ಯಾಮೆರಾಗಳ ಬ್ಯಾಟರಿಯೂ ಚಿಕ್ಕದೇ. ಜೆಡ್‌ವಿ-1ರಲ್ಲಿ ಆನ್ ಆಫ್ ಮಾಡುತ್ತಾ ಚಿತ್ರೀಕರಿಸಿದರೆ ಮುಕ್ಕಾಲು ಗಂಟೆಯ ಆಸುಪಾಸು. ಬೇರೆ ಎರಡು ಬ್ಯಾಟರಿ ಲೆಕ್ಕಕ್ಕೆ ಸೇರಿಸಿಯೇ ಬೆಲೆ ಹೋಲಿಸಿ. ಯುಎಸ್‌ಬಿ ಕಿಂಡಿ ಇದ್ದರೆ ಪವರ್ ಬ್ಯಾಂಕ್ ಸಿಕ್ಕಿಸಿ ನಡೆಸಬಹುದೇ, ಅಥವಾ ಆಫ್ ಇದ್ದಾಗ ಚಾರ್ಜ್ ಮಾತ್ರ ಆಗುತ್ತದೆಯೇ ಅಂತ ಕೇಳಿ. ಎರಡೂ ಬೇರೆ ಬೇರೆ. ಬ್ಯಾಟರಿ ಬಾಗಿಲು ಟ್ರೈಪಾಡ್ ತಿರುಪಿನ ತೂತಿಗೆ ಅಂಟಿಕೊಂಡಿದ್ದರೆ ಪ್ರತಿ ಸಲ ಬ್ಯಾಟರಿ ಬದಲಿಸಲು ಪ್ಲೇಟ್ ಬಿಚ್ಚಬೇಕಾಗುತ್ತದೆ.

ಹಳೆಯ ಕ್ಯಾಮೆರಾಗಳು ಹಲವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಯುರೋಪಿನಲ್ಲಿ 30 ನಿಮಿಷ ದಾಟಿ ರೆಕಾರ್ಡ್ ಮಾಡುವುದನ್ನು ವಿಡಿಯೋ ಕ್ಯಾಮೆರಾ ಅಂತ ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರಿಂದ ತಯಾರಕರೇ ಹಾಕಿಕೊಂಡ ಮಿತಿ ಅದು. ಕೆಟ್ಟಿಲ್ಲ. ಪಾಠ ಹೇಳುವವರು ಮಾತ್ರ ಈ ಮಿತಿ ಇಲ್ಲದ್ದನ್ನು ಆರಿಸಿ.

ಬಿಸಿಯಾಗಿ ನಿಲ್ಲುವುದು ಬೇರೆ. ಸೋನಿ ಕ್ಯಾಮೆರಾಗಳ ಮೆನುವಿನಲ್ಲಿ ಎಷ್ಟು ಬಿಸಿಗೆ ತಾನಾಗಿ ಆಫ್ ಆಗಬೇಕು ಅನ್ನುವ ಆಯ್ಕೆ ಇದೆ, ಕೊಳ್ಳುವಾಗ ಅದು ಸ್ಟ್ಯಾಂಡರ್ಡ್‌ನಲ್ಲಿರುತ್ತದೆ. ಹೈಗೆ ತನ್ನಿ, ಪರದೆಯನ್ನು ಮೈಯಿಂದ ಬಿಡಿಸಿ ತೆರೆದಿಡಿ, ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. 4ಕೆ ಬದಲು 1080ಪಿಗೆ ಇಳಿದರೂ ಬಿಸಿ ಕಡಿಮೆಯಾಗುತ್ತದೆ. 4ಕೆ ಅಂದರೆ 83 ಲಕ್ಷ ಪಿಕ್ಸೆಲ್, 1080ಪಿ ಅಂದರೆ 21 ಲಕ್ಷ, ನಾಲ್ಕು ಪಟ್ಟು ಕೆಲಸ.

ಆ ನಾಲ್ಕು ಪಟ್ಟು ಕೆಲಸ ನಿಮ್ಮ ಕಂಪ್ಯೂಟರಿಗೂ ಬೀಳುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರು ವಿಡಿಯೋ ಕುಗ್ಗಿಸಿ ಬರೆಯುವ ವಿಧಾನಗಳಲ್ಲಿ ಎಚ್.265 ಬಿಟ್ಟು ಎಚ್.264ರಲ್ಲಿ ರೆಕಾರ್ಡ್ ಮಾಡುವ ಆಯ್ಕೆ ಇದೆಯೇ ನೋಡಲಿ. ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಮಂಕಾಗಿ ಬರೆಯುವ ಲಾಗ್ ಪ್ರೊಫೈಲ್ ಸದ್ಯಕ್ಕೆ ಬೇಡ: ಬಣ್ಣದ ಛಾಯೆಗಳನ್ನು ಕಡಿಮೆ ಬರೆಯುವ 8 ಬಿಟ್ ಕ್ಯಾಮೆರಾದಲ್ಲಿ ಅದನ್ನು ಎಳೆದಾಡಿದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬೀಳುತ್ತವೆ.

ಫೋನೇ ಸಾಕೆ?

ಎಷ್ಟೋ ಜನರಿಗೆ ಸಾಕು. ಹಿಂಬದಿ ಕ್ಯಾಮೆರಾ, ಒಂದು ಕಾಲರ್ ಮೈಕ್, ಫೋನ್ ಹಿಡಿಯುವ ಟ್ರೈಪಾಡ್, ಮುಖಕ್ಕೆ ಕಿಟಕಿಯ ಬೆಳಕು. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ, ಇಲ್ಲದಿದ್ದರೆ ಕೈ ಆಡಿಸಿದಾಗಲೆಲ್ಲ ಬೆಳಕು ಏರಿಳಿಯುತ್ತದೆ. ಫೋನಿನ ತೊಂದರೆ ಒಂದು, ಅದು ಸೆಕೆಂಡಿಗೆ ಸಮನಾದ ಫ್ರೇಮ್ ಬರೆಯುವುದಿಲ್ಲ, ಬೆಳಕು ನೋಡಿ ಹೆಚ್ಚುಕಡಿಮೆ ಮಾಡುತ್ತದೆ. ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿ ಸೇರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲ ನಿಮಿಷ ಸರಿಯಿದ್ದು ಹತ್ತನೇ ನಿಮಿಷಕ್ಕೆ ತುಟಿಯೇ ಒಂದು, ಮಾತೇ ಒಂದು. ಮೈಕನ್ನು ನೇರ ಫೋನಿಗೇ ಸಿಕ್ಕಿಸಿ, ಅಥವಾ ಎಡಿಟಿಂಗಿಗೆ ಮುಂಚೆ ಉಚಿತವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟೆಂಟ್ ಫ್ರೇಮ್‌ರೇಟ್ ಆರಿಸಿ ಬದಲಿಸಿಕೊಳ್ಳಿ.

ಫೋನಿನಲ್ಲಿ ಹತ್ತು ವಿಡಿಯೋ ಮಾಡಿದ ಮೇಲೆ ಯಾವ ಕೊರತೆ ನಿಮ್ಮನ್ನು ಹೆಚ್ಚು ಕಾಡಿತು ಅಂತ ಬರೆದಿಡಿ. ಸಂಜೆಯ ಮೇಲೆ ಚಿತ್ರ ಗರಗರ ಅಂತಾಗುತ್ತಿದ್ದರೆ ಎಫ್ ಸಂಖ್ಯೆ ಕಡಿಮೆಯಿರುವ ಲೆನ್ಸ್. ಹೆಜ್ಜೆಯ ಅದುರು ಕಾಡಿದರೆ ಗಿಂಬಲ್. ಮಧ್ಯದಲ್ಲಿ ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದೊಂದೇ ಕಾಟವಾದರೆ ಏರೋಪ್ಲೇನ್ ಮೋಡ್ ಸಾಕು, ಕ್ಯಾಮೆರಾ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಫೋಟೋ ತೆಗೆಯುವವರು ಶಟರ್ ಕೌಂಟ್ ಕೇಳುತ್ತಾರೆ. ವಿಡಿಯೋದಲ್ಲಿ ಶಟರಿನ ರೆಕ್ಕೆಗಳು ತೆರೆದೇ ಇರುವುದರಿಂದ ಆ ಸಂಖ್ಯೆ ನಿಮಗೆ ಹೆಚ್ಚೇನೂ ಹೇಳುವುದಿಲ್ಲ. ವ್ಲಾಗ್ ಮಾಡಿದ ಕ್ಯಾಮೆರಾದಲ್ಲಿ ಸವೆಯುವುದು ಪರದೆಯ ಕೀಲು ಮತ್ತು ಮೈಕ್ ಜಾಕ್. ಪರದೆಯನ್ನು ಹತ್ತು ಸಲ ನಿಧಾನಕ್ಕೆ ತೆರೆದು ತಿರುಗಿಸಿ, ಒಂದು ಕೋನದಲ್ಲಿ ಚಿತ್ರ ಮಿಣುಕಿದರೆ ಒಳಗಿನ ತಂತಿಪಟ್ಟಿ ಸೋತಿದೆ. ಮೈಕ್ ಚುಚ್ಚಿ, ರೆಕಾರ್ಡ್ ಮಾಡುತ್ತಾ ಪಿನ್ನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಆಮೇಲೆ ಕೇಳಿ. ಬರಬರ ಸದ್ದು ಬಂದರೆ ಬಿಟ್ಟುಬಿಡಿ.

ಬ್ಯಾಟರಿಯನ್ನು ತೆಗೆದು ಗಾಜಿನ ಮೇಲೆ ಮಲಗಿಸಿ ಬುಗುರಿಯಂತೆ ತಿರುಗಿಸಿ. ಸುತ್ತಿದರೆ ಹೊಟ್ಟೆ ಉಬ್ಬಿದೆ ಅಂತರ್ಥ. ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಧೂಳಿನ ಕಣವಾದರೆ ಚಿಂತೆಯಿಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾ ಆದರೆ ಎಫ್ 16ಕ್ಕಿಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಸೆನ್ಸರಿನ ಮೇಲಿನ ಕಲೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಗಿಂಬಲ್ ಕ್ಯಾಮೆರಾವನ್ನು ಆನ್ ಮಾಡಿ ನೇರವಾಗಿ ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ಬಿಡಿ, ಗುಂಯ್‌ಗುಡುತ್ತಾ ತಲೆ ಒಂದು ಕಡೆ ವಾಲಿದರೆ ಮೋಟಾರಿಗೆ ಪೆಟ್ಟು ಬಿದ್ದಿರಬಹುದು. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ 1600ರಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ ಅದು) ಒಂದು ನಿಮಿಷ ಕತ್ತಲನ್ನೇ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ. ಜಾಗ ಬಿಡದೆ ಕೂತ ಕೆಂಪು, ನೀಲಿ ಚುಕ್ಕೆ ಒಂದೆರಡಿದ್ದರೆ ಬೆಲೆ ಇಳಿಸಿ ಕೇಳಬಹುದು. ಹಿಡಿತುಂಬ ಇದ್ದರೆ ಬೇರೆ ಕ್ಯಾಮೆರಾ ಹುಡುಕಿ.